ತಾಳ್ಳಪಾಕದ ಹಾಡುಗಳು: ಅಂಕಿತವೂ ಧಾಟಿಯೂ

ತೆಲುಗಿನ ಹಳೆಯ ಹಾಡುಗಳನ್ನೆಲ್ಲ ‘ಸಾಂಪ್ರದಾಯಿಕ’ವೆಂಬ ಒಂದೇ ಮಾತಿನಲ್ಲಿ ಮುಗಿಸುವ ವಾಡಿಕೆಯನ್ನು ನಾವು ಒಪ್ಪಲಾರೆವು. ತಾಳ್ಳಪಾಕದ ಅನ್ನಮಾಚಾರ್ಯರ (1408–1503) ಸಂಕೀರ್ತನೆಗಳನ್ನೇ ನೋಡಬಹುದು. ದಾಸರ ಪದಗಳಲ್ಲಿ ಅಂಕಿತವನ್ನು ಕಂಡೊಡನೆ ಕರ್ತೃವನ್ನು ಗುರುತಿಸಿ ಬಲ್ಲ ಕನ್ನಡಿಗರಿಗೆ ಇಲ್ಲೊಂದು ತೊಡಕುಂಟು. ಅನ್ನಮಾಚಾರ್ಯರು, ಅವರ ಮಗ ಪೆದತಿರುಮಲಾಚಾರ್ಯರು, ಮೊಮ್ಮಗ ಚಿನತಿರುಮಲಾಚಾರ್ಯರು ಮೂವರೂ ವೇಂಕಟೇಶನ ಹೆಸರನ್ನೇ ಮುದ್ರೆಯಾಗಿ ಇರಿಸಿದರು. ಕರ್ತೃನಿರ್ಣಯಕ್ಕೆ ತಿರುಮಲೆಯ ಭಂಡಾರದಲ್ಲಿ ದೊರೆತ ತಾಮ್ರಪತ್ರಗಳೇ ಆಧಾರ. ಎಲ್ಲವನ್ನೂ ತಂದೆಯ ಹೆಸರಿಗೆ ಬರೆದುಬಿಟ್ಟರೆ ಮಗನ ಕವಿತ್ವ ಕಾಣದೆ ಹೋಗುತ್ತದೆ. ಪೆದತಿರುಮಲಾಚಾರ್ಯರಾದರೋ ಸಾಮಾನ್ಯ ಕವಿಯಲ್ಲ.

ಇನ್ನು ಧಾಟಿಯ ವಿಚಾರ. ಪತ್ರಗಳಲ್ಲಿ ಹಾಡಿನ ಮೇಲೆ ರಾಗದ ಹೆಸರು ಉಂಟು. ಹಾಡುವ ಕ್ರಮವನ್ನು ತಿಳಿಸುವ ಸ್ವರಲಿಪಿ ಸಾಮಾನ್ಯವಾಗಿ ಇಲ್ಲ. ಆದುದರಿಂದ ಇಂದು ಕೇಳಿಬರುವ ಧಾಟಿಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದವು. ಅವುಗಳಲ್ಲಿ ಅನೇಕವನ್ನು ಅಳವಡಿಸಿದವರು ಅನಂತಪುರ ಜಿಲ್ಲೆಯಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಬೋಧಿಸಿ, ಕನ್ನಡದಲ್ಲಿಯೂ ಗ್ರಂಥರಚನೆ ಮಾಡಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು (1893–1979). ಪತ್ರದಲ್ಲಿ ಒಂದು ರಾಗ, ಕಛೇರಿಯಲ್ಲಿ ಮತ್ತೊಂದು ಎಂಬುದೂ ಉಂಟು. ಹಾಡಲು ಅಡ್ಡಿಯಿಲ್ಲ; ಮಾತು ಮನಸ್ಸಿಗೆ ಮುಟ್ಟುವುದಾದರೆ ನಾವೂ ಸಂತೋಷದಿಂದಲೇ ಕೇಳುತ್ತೇವೆ. ಆದರೆ ಧಾಟಿಯೂ ಐದುನೂರು ವರ್ಷ ಹಳೆಯದೆಂದು ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಟ್ಟರೆ ಶರ್ಮರಿಗೆ ಸಲ್ಲಬೇಕಾದುದನ್ನು ನಾವೇ ತಪ್ಪಿಸಿದಂತಾಗುತ್ತದೆ.