ಮೆಚ್ಚುಗೆಯ ಗುಂಡಿ

೨೦೧೪ರಲ್ಲಿ ಮುಚ್ಚಿಹೋದ ಆರ್ಕುಟ್ ತಾಣದಲ್ಲಿ ಗೆಳೆಯನನ್ನು ಕುರಿತು ನಾಲ್ಕು ಮಾತು ಬರೆದುಕೊಡುವ ಪದ್ಧತಿಯಿತ್ತು. ಹೊಗಳಿಕೆಯೇ ಹೆಚ್ಚೆಂಬುದು ನಿಜ. ಆದರೂ ಬರೆಯುವವನು ಒಂದು ಗಳಿಗೆ ಯೋಚಿಸಬೇಕಿತ್ತು. ೨೦೦೯ರಲ್ಲಿ ಫೇಸ್‌ಬುಕ್ ‘ಲೈಕ್’ ಗುಂಡಿಯನ್ನು ತಂದಿತು. ಆ ಶ್ರಮವೂ ತಪ್ಪಿತು.

ಇದರ ಆಕರ್ಷಣೆಯನ್ನು ನಾನು ಅಲ್ಲಗಳೆಯಲಾರೆ. ಸಂಪಾದಕರ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದ ತರುಣ ಕವಿಗೆ ಇಂದು ಗಳಿಗೆಯೊಳಗೆ ನೂರು ಮಂದಿ ಓದುಗರು ದೊರೆಯಬಹುದು. ಅದು ಉಪಕಾರವೇ ಸರಿ. ಆದರೆ ಆ ನೂರು ಮಂದಿಯಲ್ಲಿ ಯಾವ ಸಾಲು ಸೊಗಸಾಯಿತು, ಯಾವುದು ಸೋತಿತು ಎಂದು ಹೇಳುವವರೆಷ್ಟು? ಬರೆಯಲು ಸ್ಥಳವುಂಟು, ಬೆರಳು ಮಾತ್ರ ಗುಂಡಿಗೇ ಹೋಗುತ್ತದೆ.

ಮೊನ್ನೆ ತರುಣನೊಬ್ಬನ ಕವಿತೆಗೆ ನಾನೂ ಗುಂಡಿಯೊತ್ತಿ ಸುಮ್ಮನಾದೆ. ಅದರ ಕೊನೆಯ ಪದ್ಯ ಜಾಳೆಂದು ನನಗೆ ಗೊತ್ತಿತ್ತು. ಹೇಳಿದ್ದರೆ ಅವನು ಮುನಿಯುತ್ತಿದ್ದನೇನೋ. ಹೇಳದೆ ನಾನು ಅವನಿಗೆ ಅನ್ಯಾಯ ಮಾಡಿದೆ.