ಇಂಪ್ಲಾಂಟ್ ಕೈಕೊಟ್ಟಾಗ ಬಳ್ಳಾರಿಯ ರೋಗಿಗೆ ಇರುವ ಕಾನೂನು

ಸಿರುಗುಪ್ಪದ ಗದ್ದೆಗಳಲ್ಲಿ ವರ್ಷಗಟ್ಟಲೆ ಬಗ್ಗಿ ಭತ್ತ ನಾಟಿ ಮಾಡಿ ಸೊಂಟ ಹಿಡಿದವರು, ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದವರು, ಕುರುಗೋಡಿನ ಕಡೆಯಿಂದ ಮೊಣಕಾಲು ಎಳೆಯುತ್ತ ಬಳ್ಳಾರಿಯ ಬಸ್ಸು ಹತ್ತುವವರು ಕೊನೆಗೆ ಒಂದಲ್ಲ ಒಂದು ಆಪರೇಷನ್ ಟೇಬಲ್ ಮೇಲೆ ಮಲಗುತ್ತಾರೆ. ಆಮೇಲೆ ಏನು ಮಾಡಿದರು ಎಂದು ಕೇಳಿದರೆ, "ಒಳಗ ರಾಡ್ ಹಾಕ್ಯಾರ" ಅನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ವಿವರವನ್ನು ಅವರಿಗೆ ಯಾರೂ ಕೊಟ್ಟಿರುವುದಿಲ್ಲ. ಹಾಕಿದ ಸಾಧನ ಯಾವ ಕಂಪನಿಯದು, ಯಾವ ಬ್ಯಾಚಿನದು ಎಂಬುದು ಅವರಿಗೆ ಗೊತ್ತಿಲ್ಲ. ನೋವು ಕಳೆಯಲೆಂದು ಹಾಕಿದ ಆ ವಸ್ತುವೇ ನೋವು ಕೊಡತೊಡಗಿದರೆ ಕಾನೂನು ಅವರ ಕೈ ಹಿಡಿಯುತ್ತದೆಯೇ?

ನೋವು ಕಳೆಯಲು ಬೆನ್ನುಹುರಿಯ ಬಳಿ ತಂತಿ ಇಟ್ಟು ಸಣ್ಣ ವಿದ್ಯುತ್ ಹರಿಸುವ ಸ್ಟಿಮ್ಯುಲೇಟರ್, ಔಷಧಿಯನ್ನು ನೇರ ಬೆನ್ನುಹುರಿಯ ದ್ರವಕ್ಕೆ ಹನಿಸುವ ಪಂಪ್ ಮುಂತಾದವನ್ನು ಹೆಚ್ಚಾಗಿ ದೊಡ್ಡ ನಗರಗಳಲ್ಲಿ ಹಾಕುತ್ತಾರೆ. ತಂತಿ ಜಾರುವುದು, ಸೋಂಕು, ಶಾಕ್ ಹೊಡೆದಂತಾಗುವುದು, ಬ್ಯಾಟರಿ ಕೆಡುವುದು ಇವುಗಳ ತೊಂದರೆಗಳು. 2008ರಿಂದ ಸ್ಟಿಮ್ಯುಲೇಟರ್‌ಗಳ ಬಗ್ಗೆ ಅಮೆರಿಕದ ನಿಯಂತ್ರಣ ಸಂಸ್ಥೆಗೆ 80,000ಕ್ಕೂ ಹೆಚ್ಚು ದೂರು ವರದಿಗಳು ಬಂದಿದ್ದನ್ನು 2018ರಲ್ಲಿ ಪತ್ರಕರ್ತರ ಅಂತರರಾಷ್ಟ್ರೀಯ ತನಿಖೆಯೊಂದು ಹೊರಗೆಡವಿತು. ನಮ್ಮಲ್ಲಿ ಇವುಗಳಿಗೂ ಕೃತಕ ಸೊಂಟದ ಕೀಲಿಗೂ ಮೊಣಕಾಲು ಚಿಪ್ಪಿಗೂ ಅನ್ವಯಿಸುವ ಕಾನೂನು ಒಂದೇ. ಅದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆರನೇ ಅಧ್ಯಾಯ. 2020ರ ಜುಲೈ 20ರಂದು ಜಾರಿಗೆ ಬಂದ ಈ ಅಧ್ಯಾಯ ಉತ್ಪನ್ನದ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತದೆ.

ಓದಿ ನೋಡಿದರೆ ಈ ಅಧ್ಯಾಯ ಗಟ್ಟಿಯಾಗಿದೆ. ವೈದ್ಯರ ಮೇಲೆ ದಾವೆ ಹೂಡಿದರೆ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು. ಅದು ಕಷ್ಟದ ಕೆಲಸ. ತಯಾರಕರ ವಿಷಯದಲ್ಲಿ ಸಾಧನದಲ್ಲೇ ದೋಷವಿತ್ತು, ವಿನ್ಯಾಸ ಸರಿಯಿರಲಿಲ್ಲ ಅಥವಾ ಸಾಕಷ್ಟು ಎಚ್ಚರಿಕೆ ಕೊಟ್ಟಿರಲಿಲ್ಲ ಎಂದು ತೋರಿಸಿದರೆ ಸಾಕು. ವಿದೇಶಿ ಕಂಪನಿ ನಮ್ಮ ಕಾನೂನಿನ ಕೈಗೆ ಸಿಗದಿದ್ದರೆ 86ನೇ ಕಲಂ ಮಾರಾಟಗಾರನನ್ನೇ ಹೊಣೆಯಾಗಿಸುತ್ತದೆ. ಆಪರೇಷನ್ ಬೆಂಗಳೂರಿನಲ್ಲಿ ಆಗಿದ್ದರೂ, ಕಂಪನಿ ಮುಂಬೈಯಲ್ಲಿದ್ದರೂ, ಸಿರುಗುಪ್ಪದವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಬಳ್ಳಾರಿಯಲ್ಲೇ, ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಅಮೆರಿಕದಲ್ಲಿ ನಿಯಂತ್ರಣ ಸಂಸ್ಥೆಯ ಪೂರ್ಣ ಅನುಮೋದನೆ ಪಡೆದ ಸಾಧನಗಳ ಮೇಲಿನ ಬಹುಪಾಲು ದಾವೆಗಳ ದಾರಿಯನ್ನು 2008ರ ರೀಗಲ್ ತೀರ್ಪು ಮುಚ್ಚಿತು. ನಮ್ಮ ಕಾಯಿದೆಯಲ್ಲಿ ಅಂಥ ಅಡ್ಡಗೋಡೆಯಿಲ್ಲ. ಇದು ಸಣ್ಣ ವಿಷಯವಲ್ಲ.

ಆದರೆ 87ನೇ ಕಲಮಿಗೆ ಬರುವಾಗ ಮನಸ್ಸು ಕುಗ್ಗುತ್ತದೆ. ತಜ್ಞರ ಮೂಲಕವೇ ಬಳಸಬೇಕಾದ ಉತ್ಪನ್ನವಾಗಿದ್ದು, ಆ ತಜ್ಞರಿಗೆ ತಯಾರಕರು ತಕ್ಕ ರೀತಿಯಲ್ಲಿ ಎಚ್ಚರಿಕೆ ಮುಟ್ಟಿಸಿದ್ದರೆ, ಎಚ್ಚರಿಸಲಿಲ್ಲ ಎಂಬ ಆರೋಪದಿಂದ ಅವರಿಗೆ ಬಿಡುಗಡೆ. ಇಂಪ್ಲಾಂಟ್‌ಗಳೆಲ್ಲ ಇದೇ ಬಗೆಯವು. ಸಾಧನದ ಅಪಾಯವನ್ನು ಇಂಗ್ಲಿಷಿನ ಕೈಪಿಡಿಯಲ್ಲಿ ಡಾಕ್ಟರಿಗೆ ಕೊಟ್ಟರೆ ಕಂಪನಿಯ ಕೆಲಸ ಮುಗಿಯಿತು. ಅದನ್ನು ಮೈಯಲ್ಲಿ ಹೊತ್ತು ಬದುಕುವವರಿಗೆ ಕನ್ನಡದಲ್ಲಿ ಒಂದು ಮಾತು ಮುಟ್ಟಿತೇ ಎಂದು ಕಾಯಿದೆ ಕೇಳುವುದಿಲ್ಲ. ಈ ಅಧ್ಯಾಯದ ಅತಿ ದೊಡ್ಡ ದೋಷ ಇದೇ ಎಂದು ನನ್ನ ಅಭಿಪ್ರಾಯ.

ಎರಡನೆಯ ತೊಡಕು ಕಾಲಮಿತಿ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ಕಾರಣ ಯಾವಾಗ ಹುಟ್ಟುತ್ತದೆ? 2010ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಹಾನಿ ಒಳಗೆ ಅಡಗಿದ್ದರೆ ಅದು ರೋಗಿಗೆ ಗೊತ್ತಾದ ದಿನದಿಂದ, ಅಥವಾ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಿದ್ದ ದಿನದಿಂದ ಲೆಕ್ಕ ಎಂದಿತು. ನ್ಯಾಯವಾದ ಮಾತು. ಆದರೆ ಅದೇ ಪ್ರಕರಣದಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದಿದ್ದ ಆ ಹೆಂಗಸು ಸೋತರು. 1993ರಲ್ಲಿ ಆಪರೇಷನ್ ಆಗಿತ್ತು, 2002ರಲ್ಲಿ ಬಟ್ಟೆ ಸಿಕ್ಕಿತು. ನಡುವಿನ ಒಂಬತ್ತು ವರ್ಷ ನೋವಿನ ಮಾತ್ರೆ ನುಂಗುತ್ತ ಸುಮ್ಮನಿದ್ದರು, ನರ್ಸ್ ಆಗಿದ್ದೂ ಆಪರೇಷನ್ ಮಾಡಿದವರ ಬಳಿ ಹೋಗಲಿಲ್ಲ ಎಂಬುದು ಅವರ ವಿರುದ್ಧವೇ ನಿಂತಿತು. ನೋವನ್ನು ಸಹಿಸುವುದನ್ನೇ ಕಲಿತಿರುವ ನಮ್ಮ ಹೆಣ್ಣುಮಕ್ಕಳಿಗೆ ಈ ತೀರ್ಪು ಮುಟ್ಟಬೇಕು. ಆಪರೇಷನ್ ಆದ ಮೇಲೂ ನೋವು ಬಿಡದಿದ್ದರೆ ಮತ್ತೆ ಡಾಕ್ಟರ ಬಳಿ ಹೋಗಿ, ಹೋದದ್ದು ಚೀಟಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.

ಕಾಗದವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡಿಪ್ಯೂ ಕಂಪನಿಯ ಎಎಸ್ಆರ್ ಸೊಂಟದ ಕೀಲು ಸಾಕ್ಷಿ. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ರಕ್ತಕ್ಕೆ ಸೇರುತ್ತಿದ್ದ ಆ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಭಾರತದಲ್ಲಿ ಸುಮಾರು 4,700 ಜನರಿಗೆ ಅದನ್ನು ಹಾಕಲಾಗಿತ್ತು. ಕೇಂದ್ರ ಸರ್ಕಾರ ಸಮಿತಿ ನೇಮಿಸಿದ್ದು 2017ರಲ್ಲಿ. ಕನಿಷ್ಠ 20 ಲಕ್ಷ ಪರಿಹಾರ ಕೊಡಬೇಕೆಂದು ಸಮಿತಿ ಹೇಳಿತು. ಮುಂದಿನ ಸೂತ್ರದಲ್ಲಿ ಮೊತ್ತ 30 ಲಕ್ಷದಿಂದ 1.23 ಕೋಟಿಯವರೆಗೆ ಏರಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 2019ರಲ್ಲಿ ಪರಿಶೀಲನೆ ಮುಗಿದಿದ್ದ 67 ಜನರಿಗೆ ತಲಾ 25 ಲಕ್ಷ ಕೊಡಲು ಒಪ್ಪಿತು. ಕೀಲು ಹಾಕಿಸಿಕೊಂಡವರಲ್ಲಿ ಬಹುಪಾಲು ಜನ ಪತ್ತೆಯೇ ಆಗಲಿಲ್ಲ. ಅವರಲ್ಲಿ ಹಲವರಿಗೆ ತಮ್ಮ ಸೊಂಟದೊಳಗಿರುವುದು ಆ ಕೀಲೇ ಎಂಬುದು ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಇನ್ನು ಬಳ್ಳಾರಿಗೆ ಬರೋಣ. 2024ರ ನವೆಂಬರ್ 9ರಿಂದ 11ರವರೆಗೆ ಜಿಲ್ಲಾ ಆಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಏಳು ಬಾಣಂತಿಯರ ಸ್ಥಿತಿ ಹದಗೆಟ್ಟಿತು, ಐವರು ತೀರಿಕೊಂಡರು. ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಯ ಮೇಲೆ ಶಂಕೆ ಬಿತ್ತು. ರಾಜ್ಯದ ಪ್ರಯೋಗಾಲಯ ಅದನ್ನು ತಯಾರಿಸಿದ ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ ಕಂಪನಿಯ ಕೆಲವು ಬ್ಯಾಚ್‌ಗಳನ್ನು ಕಳಪೆ ಎಂದಿದ್ದರೂ ಕೇಂದ್ರದ ಪ್ರಯೋಗಾಲಯ ಸರಿ ಎಂದಿತ್ತು. ಔಷಧ ನಿಯಂತ್ರಕರ ಅಮಾನತಾಯಿತು, ಕಂಪನಿ ಕಪ್ಪುಪಟ್ಟಿಗೆ ಸೇರಿತು. ಮೊದಲು 2 ಲಕ್ಷವೆಂದಿದ್ದ ಪರಿಹಾರವನ್ನು ಸರ್ಕಾರ 5 ಲಕ್ಷಕ್ಕೆ ಏರಿಸಿತು. ಅದು ಇಂಪ್ಲಾಂಟ್ ಅಲ್ಲ, ನಿಜ. ಆದರೆ ದೇಹದೊಳಗೆ ಹೋದ ವಸ್ತುವಿನಿಂದ ಹಾನಿಯಾಯಿತೆಂಬ ಶಂಕೆ ಬಂದಾಗ ಇಲ್ಲಿನ ಬಡವರಿಗೆ ಏನು ಸಿಗುತ್ತದೆ ಎಂಬುದನ್ನು ಆ ಪ್ರಕರಣ ತೋರಿಸಿಕೊಟ್ಟಿತು. ಎಳೆ ಕೂಸುಗಳನ್ನು ಬಿಟ್ಟುಹೋದ ತಾಯಂದಿರ ಬೆಲೆ ಸರ್ಕಾರದ ಘೋಷಣೆಯಲ್ಲಿ ನಿಗದಿಯಾಯಿತು. ಕಾನೂನಿನ ಲೆಕ್ಕದಲ್ಲಿ ಅಲ್ಲ.

ಇದಕ್ಕೆ ಹಿನ್ನೆಲೆಯಿದೆ. 1995ರ ವಿ.ಪಿ. ಶಾಂತಾ ತೀರ್ಪಿನ ಪ್ರಕಾರ ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ರೋಗಿ ಗ್ರಾಹಕನಲ್ಲ. ಹೀಗಾಗಿ ವಕೀಲರೂ ಸರ್ಕಾರಿ ಆಸ್ಪತ್ರೆ ಎಂದೊಡನೆ ಕೈಚೆಲ್ಲುತ್ತಾರೆ. ಆದರೆ ಆ ತೀರ್ಪು ಮಾತಾಡಿದ್ದು ಸೇವೆಯ ಬಗ್ಗೆ. ವಸ್ತುವಿನ ಮಾತು ಬೇರೆ. ಬಾಟಲಿಯನ್ನೂ ಕೀಲನ್ನೂ ಸರ್ಕಾರ ದುಡ್ಡು ಕೊಟ್ಟೇ ಕೊಂಡಿರುತ್ತದೆ. ಕೊಂಡವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸಿದವರೂ ಗ್ರಾಹಕರೇ ಎಂದು ಕಾಯಿದೆಯ ವ್ಯಾಖ್ಯೆಯಲ್ಲೇ ಇದೆ. ಹಾಗಿದ್ದ ಮೇಲೆ ಆಸ್ಪತ್ರೆಯನ್ನು ಬಿಟ್ಟು ತಯಾರಕರ ಮೇಲೆ ದೂರು ಹೂಡಲು ಉಚಿತ ರೋಗಿಗೂ ಹಕ್ಕಿದೆ ಎಂದು ಗಟ್ಟಿಯಾಗಿ ವಾದಿಸಬಹುದು, ವಾದಿಸಲೇಬೇಕು. ಸರ್ಕಾರದ ವಿರುದ್ಧ ಹೋಗಬೇಕಾದರೆ ಸಿವಿಲ್ ದಾವೆಯಿದೆ, ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿಯಿದೆ.

ಕಾಯಿದೆ ತಿದ್ದುಪಡಿಯಾಗಬೇಕು: ಎಚ್ಚರಿಕೆ ರೋಗಿಗೆ ಅವರ ಭಾಷೆಯಲ್ಲಿ ಮುಟ್ಟಬೇಕು, ಉಚಿತ ರೋಗಿಯ ಹಕ್ಕನ್ನು ಬಿಡಿಸಿ ಬರೆಯಬೇಕು. ಅಲ್ಲಿಯವರೆಗೆ ಕಾಯಬೇಡಿ. ಮೊಣಕಾಲು ಇಂಪ್ಲಾಂಟಿನ ಬಿಲ್ಲಿನಲ್ಲಿ ಬ್ರ್ಯಾಂಡ್, ತಯಾರಕರು, ಬ್ಯಾಚ್ ಸಂಖ್ಯೆ ನಮೂದಿಸಬೇಕೆಂಬ ಆದೇಶ 2017ರಿಂದಲೇ ಇದೆ. ಯಾವ ಇಂಪ್ಲಾಂಟ್ ಆದರೂ ಡಿಸ್ಚಾರ್ಜ್ ದಿನವೇ ಅದರ ಸ್ಟಿಕ್ಕರನ್ನು ಕೇಳಿ ಪಡೆದು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ತೆಗೆದುಹಾಕಿದ ಸಾಧನವನ್ನು ಎಸೆಯಲು ಬಿಡಬೇಡಿ, ಅದೇ ನಿಮ್ಮ ಸಾಕ್ಷಿ. ಸಾಧನದಿಂದ ತೊಂದರೆಯಾದರೆ 1800-180-3024ಕ್ಕೆ ಫೋನ್ ಮಾಡಿ ವರದಿ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಕಾನೂನು ಸೇವೆಗಳ ಸಹಾಯವಾಣಿ 15100.