ಐನೂರಕ್ಕೂ ನಾನೂರಿಪ್ಪತ್ತಕ್ಕೂ ನಡುವೆ

ಸಿಗ್ನಲ್ ಹತ್ತಿರವಾಗುತ್ತಿದ್ದಂತೆ ಸ್ಕೂಟರಿನ ಹಿಂದೆ ಕೂತವನು ಕೈಯನ್ನು ಬೆನ್ನ ಹಿಂದಕ್ಕೆ ಇಳಿಬಿಟ್ಟು ನಂಬರ್ ಪ್ಲೇಟ್ ಮುಚ್ಚುತ್ತಾನೆ. ಕ್ಯಾಮೆರಾ ಕಂಬ ದಾಟಿದ್ದೇ ತಡ, ಕೈ ಮತ್ತೆ ಮೊಬೈಲಿಗೆ. ಬೆಂಗಳೂರಿನ 50 ಜಂಕ್ಷನ್‌ಗಳಿಗೆ 2022ರ ಡಿಸೆಂಬರಿನಲ್ಲಿ ನಂಬರ್ ಓದುವ ಕ್ಯಾಮೆರಾಗಳು ಬಂದವು. ಪೊಲೀಸಪ್ಪನಾದರೆ ‘ಸಾರ್, ಸಾರ್’ ಅಂದು ಹೇಗೋ ಹೊಂದಿಸಿಕೊಳ್ಳಬಹುದಿತ್ತು. ಕ್ಯಾಮೆರಾ ಮುಂದೆ ಆ ಆಟ ನಡೆಯದು. ಅದಕ್ಕೇ ಪ್ಲೇಟನ್ನು ಮೇಲಕ್ಕೆ ಬಗ್ಗಿಸುವುದು, ಒಂದಂಕಿಗೆ ಕಪ್ಪು ಟೇಪು ಅಂಟಿಸುವುದು, 3ನ್ನು 8 ಮಾಡುವುದು.

ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಪೊಲೀಸರು ಇದಕ್ಕೆ ಕಂಡುಕೊಂಡ ಮದ್ದು ವಂಚನೆಯ ಎಫ್‌ಐಆರ್. ಹಿಂದೆ ಐಪಿಸಿ 420, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4). ಏಳು ವರ್ಷದವರೆಗೆ ಜೈಲು; ಜಾಮೀನಿಗೆ ಕೋರ್ಟಿನ ಬಾಗಿಲಿಗೇ ಹೋಗಬೇಕು. ಪೊಲೀಸರ ಸಿಟ್ಟು ನ್ಯಾಯವಾದದ್ದು. ಅವರು ಕೈಗೆತ್ತಿಕೊಂಡ ಸೆಕ್ಷನ್ ಮಾತ್ರ ಈ ಕೆಲಸಕ್ಕೆ ಹೊಂದುವುದಿಲ್ಲ.

ಆ ಸೆಕ್ಷನ್ ನಿಲ್ಲಬೇಕಾದರೆ ಒಬ್ಬನನ್ನು ನಂಬಿಸಿ, ಅವನ ಕೈಯಿಂದ ಸ್ವತ್ತು ಹೊರಡಿಸಿರಬೇಕು. ಟೇಪು ಅಂಟಿಸಿದವನು ಯಾರಿಂದ ಏನನ್ನು ಕಿತ್ತುಕೊಂಡ? ಇನ್ನೂ ಬೀಳದ ದಂಡವನ್ನು ತಪ್ಪಿಸಿಕೊಂಡ, ಅಷ್ಟೆ. ಪ್ಲೇಟಿನಲ್ಲಿ ಒಂದಂಕಿ ಇಲ್ಲದ್ದಕ್ಕೆ ಹಾಕಿದ್ದ 420ರ ಕೇಸನ್ನು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು ಇದೇ ಕಾರಣಕ್ಕೆ. ನಿಲ್ಲದ ಕೇಸಾದರೂ ರದ್ದಾಗುವವರೆಗೆ ಸವಾರನ ಪಾಸ್‌ಪೋರ್ಟಿಗೂ ಕೆಲಸಕ್ಕೂ ಅಡ್ಡ ನಿಂತಿರುತ್ತದೆ.

ಹಾಗಂತ ಐನೂರು ರೂಪಾಯಿ ದಂಡ ಸಾಕೇ? ಮೋಟಾರು ವಾಹನ ಕಾಯ್ದೆಯ 177ರಲ್ಲಿ ಮೊದಲ ತಪ್ಪಿಗೆ ಇರುವುದು ಅಷ್ಟೇ, ಮತ್ತು ಅದು ಎಲ್ಲರಿಗೂ ಒಂದೇ. ಕೇಂದ್ರ ನಿಯಮ 51ರ ಪ್ರಕಾರ ಬೈಕಿನ ಹಿಂದಿನ ಅಂಕಿ 40 ಮಿಲಿಮೀಟರ್ ಎತ್ತರ, 7 ಮಿಲಿಮೀಟರ್ ದಪ್ಪ ಇರಬೇಕು. 8055 ಅನ್ನು ಸೊಟ್ಟಗೆ ತಿದ್ದಿ ‘ಬಾಸ್’ ಎಂದು ಓದಿಸುವ ಅಭಿಮಾನಿ ಈ ಅಳತೆ ಮೀರುತ್ತಾನೆ. ಅಭಿಮಾನಕ್ಕೆ ಕನ್ನಡ ಅಂಕಿಯಲ್ಲೇ ನಂಬರ್ ಬರೆಸಿದವನೂ ತಪ್ಪಿತಸ್ಥನೇ, ನಿಯಮ ಇಂಗ್ಲಿಷ್ ಅಕ್ಷರ, ಅಂಕಿಗಳನ್ನೇ ಕೇಳುತ್ತದೆ. (ಕನ್ನಡದ ಕೆಳಗೆ ಇಂಗ್ಲಿಷಿನಲ್ಲೂ ಬರೆಸಿದರೆ ಯಾರಿಗೇನು ನಷ್ಟವೋ, ನನಗಂತೂ ತಿಳಿಯದು.) ಇವರಿಗೂ ಬೇಕೆಂದೇ ನಂಬರ್ ಅಡಗಿಸಿದವನಿಗೂ ಒಂದೇ ದರ ಅನ್ನುವುದು ಸರಿಯಲ್ಲ.

ಐನೂರರ ದಂಡಕ್ಕೂ ವಂಚನೆಯ ಕೇಸಿಗೂ ನಡುವೆ ಒಂದು ದಾರಿ ಕಾಯ್ದೆಯಲ್ಲೇ ಇದೆ, ಅದನ್ನು ಕೇಳುವವರು ಕಡಿಮೆ. ನೋಂದಣಿ ಸಂಖ್ಯೆಯನ್ನು ನಿಯಮದಂತೆ ಪ್ರದರ್ಶಿಸದೆ ಗಾಡಿ ಓಡಿಸಬಾರದು ಎನ್ನುತ್ತದೆ ಸೆಕ್ಷನ್ 39. ಅದನ್ನು ಮುರಿದರೆ ಸೆಕ್ಷನ್ 192: ಮೊದಲ ಸಲ 5,000 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ ಇಲ್ಲವೇ ಒಂದು ವರ್ಷದವರೆಗೆ ಜೈಲು. ಟೇಪಿನವನಿಗೆ ಇದು ಹೇಳಿ ಮಾಡಿಸಿದ ಅಳತೆ.

ಜೈಲಿನ ಮಾತು ನಿಜಕ್ಕೂ ಬರಬೇಕಾದದ್ದು ಇನ್ನೊಬ್ಬರ ನಂಬರ್ ಕದ್ದಾಗ. 2025ರ ಜನವರಿಯಲ್ಲಿ ಮುಂಬೈನ ತಾಜ್ ಹೋಟೆಲ್ ಎದುರು ಒಂದೇ ನಂಬರಿನ ಎರಡು ಎರ್ಟಿಗಾ ಕಾರುಗಳು ಎದುರಾದವು. ಸಾಲದ ಕಂತು ವಸೂಲಿಗೆ ಬರುವವರ ಕಣ್ಣು ತಪ್ಪಿಸಲು ಒಬ್ಬ ಚಾಲಕ ತನ್ನ ನಂಬರಿನ ಒಂದಂಕಿ ಬದಲಿಸಿದ್ದ. ಇನ್ನೊಬ್ಬ ತಾನು ಹೋಗದ ರಸ್ತೆಗಳ ಚಲನ್‌ಗಳಿಂದ ಹೈರಾಣಾಗಿದ್ದ. ಇಲ್ಲಿ ನೊಂದ ಮನುಷ್ಯನಿದ್ದಾನೆ, ಅವನಿಗೆ ಲೆಕ್ಕ ಹಾಕಬಹುದಾದ ನಷ್ಟವಿದೆ. ಅಂಥ ಪ್ಲೇಟನ್ನು ಖೊಟ್ಟಿ ದಾಖಲೆ ಎಂದೇ ಎಣಿಸಬಹುದು. ಯಾವುದೇ ವಸ್ತುವಿನ ಮೇಲೆ ಅಕ್ಷರ, ಅಂಕಿಗಳಲ್ಲಿ ಮೂಡಿಸಿದ್ದೂ ಕಾನೂನಿನ ಕಣ್ಣಿಗೆ ದಾಖಲೆಯೇ. ಅಶೋಕ ಚಕ್ರದ ಹಾಲೋಗ್ರಾಮ್, ಲೇಸರಿನಲ್ಲಿ ಕೊರೆದ ಗುರುತಿನ ಸಂಖ್ಯೆ, ಬಿಚ್ಚಿದರೆ ಮುರಿಯುವ ಲಾಕ್ ಇರುವ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಬಂದ ಮೇಲಂತೂ ನಕಲಿಯನ್ನು ಸಾಬೀತುಪಡಿಸುವುದು ಸುಲಭವಾಗಿದೆ. ಆದರೆ ಹಳೆಯ ಗಾಡಿಗಳಿಗೆ ಕರ್ನಾಟಕ ಸರ್ಕಾರ ಕೊಟ್ಟ 2023ರ ನವೆಂಬರ್ 17ರ ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು.

ಇಂಥ ಕೇಸುಗಳಲ್ಲಿ ಓಡಿಸಿದವನೊಬ್ಬನನ್ನೇ ಆರೋಪಿ ಮಾಡಿ ಕೈತೊಳೆದುಕೊಳ್ಳಬಾರದು. ಆರ್‌ಸಿ ನೋಡದೆ, ಕೇಳಿದ ನಂಬರ್ ಕತ್ತರಿಸಿ ಅಂಟಿಸಿಕೊಟ್ಟ ಸ್ಟಿಕ್ಕರ್ ಅಂಗಡಿಯವನಿಗೆ ವಿಷಯ ಗೊತ್ತಿತ್ತೆಂದಾದರೆ, ಕುಮ್ಮಕ್ಕಿನ ಸೆಕ್ಷನ್ ಅವನಿಗೂ ಅನ್ವಯವಾಗುತ್ತದೆ.